ಲಾರೆನ್ಸ್ ಎಂಬ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಲಾರೆನ್ಸ್‌ಗೆ ಮೂಲವಾದ ಲೌರೆಂಟಿಯುಸ್ ಎಂಬ ಲ್ಯಾಟಿನ್ ಹೆಸರಿನ ಬಗ್ಗೆ ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೇಳಿದವರ ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಸುಲಭದವು ಮೊದಲು, ತೊಡಕಿನವು ಕೊನೆಗೆ. ಯಾವುದರಿಂದ ಬೇಕಾದರೂ ಓದಲು ಶುರುಮಾಡಬಹುದು.

## ಮೊದಲು ತಿಳಿಯಬೇಕಾದ್ದು

ಲಾರೆನ್ಸ್ ಅಂದ್ರೆ ಏನರ್ಥ?

‘ಲೌರೆಂಟುಮ್ ಊರಿನವನು’ ಎಂದರ್ಥ. ರೋಮಿನ ಹತ್ತಿರ, ಓಸ್ತಿಯಾ ಬಂದರಿನಿಂದ ದಕ್ಷಿಣಕ್ಕೆ, ಕಡಲ ದಂಡೆಯಲ್ಲಿದ್ದ ಹಳೆಯ ಊರು ಲೌರೆಂಟುಮ್. ಆ ಊರಿನ ಹೆಸರು ಲಾರೆಲ್ ಗಿಡದಿಂದ, ಲ್ಯಾಟಿನ್‌ನ ‘ಲೌರುಸ್’ನಿಂದ, ಬಂತೆಂದು ರೋಮನ್ನರೇ ನಂಬಿದ್ದರು. ಕವಿ ವರ್ಜಿಲ್ ತನ್ನ ಮಹಾಕಾವ್ಯದಲ್ಲಿ ಅದನ್ನೇ ಹೇಳಿದ್ದಾನೆ: ಕೋಟೆ ಕಟ್ಟುವಾಗ ರಾಜ ಲತಿನುಸನಿಗೆ ಅಲ್ಲೊಂದು ಲಾರೆಲ್ ಸಿಕ್ಕಿತು, ಅದರಿಂದಲೇ ಊರಿಗೆ ಆ ಹೆಸರಿಟ್ಟ. ಮಕ್ಕಳ ಹೆಸರಿನ ಪುಸ್ತಕಗಳು ‘ವಿಜಯಶಾಲಿ’, ‘ಲಾರೆಲ್ ಮಾಲೆ ತೊಟ್ಟವನು’ ಎಂದು ಬರೆಯುತ್ತವೆ. ಗೆದ್ದವರಿಗೆ ಲಾರೆಲ್ ಮಾಲೆ ಹಾಕುತ್ತಿದ್ದುದು ನಿಜ, ಆದರೆ ಹೆಸರಿನ ನೇರ ಅರ್ಥ ಅದಲ್ಲ. ನಮ್ಮಲ್ಲಿ ಹೆಸರಿನ ಮುಂದೆ ಊರು ಸೇರಿಸುತ್ತೇವಲ್ಲ, ಇದು ಆ ಜಾತಿಯ ಹೆಸರು.

ಲಾರೆಲ್ ಎಲೆ ಅಂದ್ರೆ ನಮ್ಮ ಪಲಾವ್ ಎಲೆನೇ ಅಲ್ವಾ?

ಅಲ್ಲ, ಹತ್ತಿರದ ಸಂಬಂಧಿ ಅಷ್ಟೇ. ನಮ್ಮ ಅಂಗಡಿಗಳಲ್ಲಿ ಪಲಾವ್ ಎಲೆ ಎಂದು ಸಿಗುವುದು ಸಾಮಾನ್ಯವಾಗಿ ತಮಾಲಪತ್ರ, ಅಂದರೆ ದಾಲ್ಚಿನ್ನಿಯ ಜಾತಿಗೆ ಸೇರಿದ ಮರದ ಎಲೆ. ಒಂದು ಎಲೆ ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಪಲಾವ್ ಎಲೆಯಲ್ಲಿ ತೊಟ್ಟಿನ ಬಳಿಯಿಂದ ತುದಿಯವರೆಗೆ ಉದ್ದಕ್ಕೆ ಮೂರು ನರಗಳು ಎದ್ದು ಕಾಣುತ್ತವೆ. ರೋಮನ್ನರ ಲಾರೆಲ್‌ಗೆ ನಡುವೆ ಒಂದೇ ನರ, ಅದರಿಂದ ಎರಡೂ ಬದಿಗೆ ಗರಿಯಂತೆ ಸಣ್ಣ ನರಗಳು. ವಾಸನೆಯೂ ಬೇರೆ: ನಮ್ಮದಕ್ಕೆ ಚಕ್ಕೆಯ ಘಮ, ಅವರದಕ್ಕೆ ನೀಲಗಿರಿ ಎಣ್ಣೆಯನ್ನು ನೆನಪಿಸುವ ಘಾಟು. ಎರಡೂ ಒಂದೇ ಸಸ್ಯಕುಟುಂಬದವು. ಆ ಕುಟುಂಬದ ಶಾಸ್ತ್ರೀಯ ಹೆಸರು ‘ಲಾರೇಸಿ’ ಬಂದಿರುವುದೂ ಲೌರುಸ್‌ನಿಂದಲೇ.

ಕ್ರೈಸ್ತ ಧರ್ಮಕ್ಕೆ ಮೊದಲೂ ಈ ಹೆಸರು ಇತ್ತಾ?

ಊರೂ ಆ ಊರಿನವರನ್ನು ಕರೆಯುವ ಪದವೂ ಬಹಳ ಹಿಂದಿನಿಂದ ಇದ್ದವು. ಪತ್ರಗಳಿಂದ ಹೆಸರಾದ ಕಿರಿಯ ಪ್ಲಿನಿಯ ಕಡಲತೀರದ ಬಂಗಲೆ ಲೌರೆಂಟುಮ್‌ನಲ್ಲೇ ಇತ್ತು. ಆದರೆ ಯುರೋಪಿನ ಮನೆಮನೆಗೂ ಈ ಹೆಸರು ತಲುಪಿದ್ದು ಊರಿನಿಂದಲ್ಲ, ಕ್ರಿ.ಶ. 258ರಲ್ಲಿ ರೋಮ್‌ನಲ್ಲಿ ಕೊಲ್ಲಲ್ಪಟ್ಟ ಒಬ್ಬ ಧರ್ಮಸೇವಕನಿಂದ, ಮುಂದೆ ಸಂತ ಲಾರೆನ್ಸ್ ಎನಿಸಿದವನಿಂದ. ಅವನಿಲ್ಲದಿದ್ದರೆ ಲೌರೆಂಟಿಯುಸ್ ಎಂಬುದು ಶಾಸನಗಳಲ್ಲಿ ಮಾತ್ರ ಕಾಣುವ ನೂರಾರು ರೋಮನ್ ಹೆಸರುಗಳಲ್ಲಿ ಒಂದಾಗಿ ಉಳಿಯುತ್ತಿತ್ತು.

ಸಂತ ಲಾರೆನ್ಸರನ್ನು ನಿಜವಾಗಿ ಕಬ್ಬಿಣದ ಸರಳುಗಳ ಮೇಲೆ ಸುಟ್ಟರೇ?

ಬಹುಶಃ ಇಲ್ಲ. ಗಟ್ಟಿಯಾಗಿ ಗೊತ್ತಿರುವುದು ಇಷ್ಟು: ಬಿಷಪ್, ಪಾದ್ರಿ, ಡೀಕನ್‌ಗಳನ್ನು (ಪಾದ್ರಿಗಿಂತ ಕೆಳಗಿನ ಹಂತದ ಧರ್ಮಸೇವಕರನ್ನು) ಸಿಕ್ಕಲ್ಲೇ ಕೊಲ್ಲಬೇಕೆಂದು 258ರಲ್ಲಿ ಚಕ್ರವರ್ತಿ ವಲೇರಿಯನ್ ಆಜ್ಞೆ ಹೊರಡಿಸಿದ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್‌ಟಸ್ ಹತರಾದರು. ಇದನ್ನು ಆ ಕಾಲದಲ್ಲೇ ಬದುಕಿದ್ದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಪತ್ರದಲ್ಲಿ ದಾಖಲಿಸಿದ್ದಾರೆ. ಸಿಕ್ಸ್‌ಟಸರ ಡೀಕನ್ ಲಾರೆನ್ಸ್ ಸತ್ತ ದಿನವೆಂದು ಚರ್ಚ್ ಆಚರಿಸುವುದು ನಾಲ್ಕು ದಿನಗಳ ನಂತರದ ಆಗಸ್ಟ್ 10.

ಸರಳುಗಳ ಮೇಲೆ ಸುಟ್ಟದ್ದು, ‘ಈ ಬದಿ ಬೆಂದಿದೆ, ಮಗುಚಿ ಹಾಕಿ’ ಎಂದು ಅವರು ಹೇಳಿದ್ದು, ಚರ್ಚಿನ ಸಂಪತ್ತು ತೋರಿಸು ಎಂದಾಗ ಬಡವರನ್ನೂ ಕುಂಟರನ್ನೂ ತಂದು ನಿಲ್ಲಿಸಿದ್ದು, ಇವೆಲ್ಲ ಮಿಲಾನಿನ ಬಿಷಪ್ ಅಂಬ್ರೋಸ್, ಕವಿ ಪ್ರುಡೆಂಟಿಯುಸ್ ಮೊದಲಾದವರ ಬರಹಗಳಲ್ಲಿ ಸಿಗುವುದು ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಆಜ್ಞೆ ಕೂಡಲೇ ಕೊಲ್ಲಲು ಹೇಳಿದ್ದರಿಂದ ಸಿಕ್ಸ್‌ಟಸರಂತೆ ಇವರ ತಲೆಯನ್ನೂ ಕಡಿದಿರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಇಟಲಿಯ ವಿದ್ವಾಂಸ ಪಿಯೊ ಫ್ರಾಂಕಿ ದೇ ಕವಾಲಿಯೇರಿ ಮುಂದಿಟ್ಟ ಊಹೆ ಸ್ವಾರಸ್ಯದ್ದು: ‘ಪಾಸುಸ್ ಎಸ್ಟ್’ (ಹುತಾತ್ಮನಾದ) ಎಂದಿದ್ದುದರ ಮೊದಲ ಅಕ್ಷರ ನಕಲು ಮಾಡುವಾಗ ಬಿಟ್ಟುಹೋಗಿ ‘ಆಸುಸ್ ಎಸ್ಟ್’ (ಸುಡಲ್ಪಟ್ಟ) ಆಯಿತಂತೆ. ಊಹೆಯೇ ಆದರೂ ಕೈಬರಹದ ಪ್ರತಿಗಳನ್ನು ನೋಡಿದವರಿಗೆ ಇದು ಅಸಾಧ್ಯ ಅನ್ನಿಸದು.

ಏನೇ ಆಗಲಿ, ಚಿತ್ರಗಳಲ್ಲಿ ಅವರನ್ನು ಗುರುತಿಸುವುದು ಆ ಸರಳುಗಳ ಚೌಕಟ್ಟಿನಿಂದಲೇ. ಕೈಯಲ್ಲಿ ಏಣಿಯ ತುಂಡಿನಂಥ ಕಬ್ಬಿಣದ ಚೌಕಟ್ಟು, ಮೈಮೇಲೆ ಡೀಕನ್ ತೊಡುವ ಅಗಲ ತೋಳಿನ ನಿಲುವಂಗಿ ಇದ್ದರೆ ಅದು ಲಾರೆನ್ಸ್. ಅಡುಗೆಯವರು ಅವರನ್ನು ತಮ್ಮ ಪಾಲಕ ಸಂತ ಎಂದು ಆರಿಸಿಕೊಂಡದ್ದರಲ್ಲಿ ಒಂದಿಷ್ಟು ಕರಾಳ ಹಾಸ್ಯವೂ ಇದೆ.

ಹಬ್ಬ ಆಗಸ್ಟ್‌ನಲ್ಲಿ ಅಂತೀರಿ, ಅತ್ತೂರು ಜಾತ್ರೆ ಜನವರಿಯಲ್ಲಿ ನಡೆಯುತ್ತಲ್ಲ?

ಎರಡೂ ಸರಿ. ಪಂಚಾಂಗದ ಹಬ್ಬ ಎಲ್ಲೆಡೆಯೂ ಆಗಸ್ಟ್ 10. ಕಾರ್ಕಳದ ಬಳಿಯ ಅತ್ತೂರಿನಲ್ಲಿ ಜನಸಾಗರ ಸೇರುವ ವಾರ್ಷಿಕ ಮಹೋತ್ಸವ, ಊರವರ ಬಾಯಲ್ಲಿ ‘ಸಾಂತ್‌ಮಾರಿ’, ನಡೆಯುವುದು ಜನವರಿ ಕೊನೆಯ ಹೊತ್ತಿಗೆ. ಆಗಸ್ಟ್‌ನಲ್ಲಿ ಕರಾವಳಿ ಮಳೆಯಲ್ಲಿ ಮುಳುಗಿರುತ್ತದೆ. ಬಯಲಲ್ಲಿ ಸಂತೆ ಹೂಡಿ ಸಾವಿರಾರು ಮೊಂಬತ್ತಿ ಹಚ್ಚುವ ಕಾಲ ಅದಲ್ಲ. ಸಂತರ ಮರದ ಪ್ರತಿಮೆಯನ್ನು ಹೊತ್ತು ಬರುವಾಗ ಒಂದು ಕಡೆ ಇಳಿಸಿದರು, ಮತ್ತೆ ಎತ್ತಲಾಗಲಿಲ್ಲ, ಅಲ್ಲೇ ಗುಡಿ ಎದ್ದಿತು ಎಂಬುದು ಸ್ಥಳದ ಐತಿಹ್ಯ. ಈ ಇಗರ್ಜಿಗೆ 2016ರಲ್ಲಿ ಮೈನರ್ ಬೆಸಿಲಿಕಾ ಪದವಿ, ಅಂದರೆ ಮುಖ್ಯ ಇಗರ್ಜಿಗಳಿಗೆ ರೋಮ್ ಕೊಡುವ ಗೌರವ, ಸಿಕ್ಕಿತು. ಹರಕೆ ಹೊತ್ತು ಬರುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಮಂಗಳೂರಿನ ಬೊಂದೆಲ್‌ನಲ್ಲೂ ಇದೇ ಸಂತರ ಇಗರ್ಜಿ ಇದೆ.

## ರೂಪ, ಉಚ್ಚಾರ, ಬರಹ

ಲಾರ್ಸ್, ಲೊರೆಂಜೊ, ಲೌರಿ ಎಲ್ಲಾ ಒಂದೇ ಹೆಸರಾ? ನಂಬೋಕಾಗಲ್ಲ

ಒಂದೇ. ದಕ್ಷಿಣ ಯುರೋಪಿನಲ್ಲಿ ಬದಲಾವಣೆ ಕಡಿಮೆ: ಇಟಲಿ, ಸ್ಪೇನ್‌ಗಳಲ್ಲಿ ಬರೆಯುವುದು ಒಂದೇ ಬಗೆ, ಓದುವಾಗ ಇಟಲಿಯವರು ‘ಲೊರೆಂತ್ಸೊ’, ಸ್ಪೇನಿನವರು ‘ಲೊರೆಂಥೊ’. ಕ್ಯಾಟಲನ್‌ನಲ್ಲಿ ಲ್ಯೊರೆನ್ಸ್. ಪೋರ್ಚುಗೀಸರದು ಲೊರೇನ್ಸು, ಗೋವಾ ಮತ್ತು ಕೆನರಾ ಕರಾವಳಿಯ ಹಳೆಯ ದಾಖಲೆಗಳಲ್ಲಿ ಸಿಗುವುದು ಈ ರೂಪ. ಅದರ ಬಾಲವಿರುವ ‘ಸಿ’ ಅಕ್ಷರವನ್ನು ‘ಕ’ ಎಂದು ಓದಿ ‘ಲೊರೆಂಕೊ’ ಮಾಡುವವರಿದ್ದಾರೆ. ಅದು ‘ಸ’.

ಉತ್ತರಕ್ಕೆ ಹೋದಂತೆ ಹೆಸರು ಸವೆಯುತ್ತದೆ. ಜರ್ಮನರಲ್ಲಿ ಲೊರೆಂಟ್ಸ್, ಡಚ್ಚರಲ್ಲಿ ಲೌರೆನ್ಸ್. ಸ್ಕ್ಯಾಂಡಿನೇವಿಯಾದಲ್ಲಿ ಲೌರೆನ್ಸ್ ಎಂಬುದು ಲಾರೆನ್ಸ್, ಲಾರ್‌ನ್ಸ್ ಆಗುತ್ತಾ ಕೊನೆಗೆ ಲಾರ್ಸ್ ಆಯಿತು. ಅವನನ್ನೇ ಮುದ್ದಿಗೆ ಲಾಸ್ಸೆ ಎನ್ನುತ್ತಾರೆ. ಲಾರ್ಸನ್ ಎಂದರೆ ಲಾರ್ಸನ ಮಗ. ನಮ್ಮ ಹೆದ್ದಾರಿ ಕಾಮಗಾರಿಗಳ ಬೋರ್ಡಿನಲ್ಲಿ ಕಾಣುವ ಲಾರ್ಸನ್ ಆಂಡ್ ಟೂಬ್ರೊ ಕಂಪನಿಯ ಮೊದಲ ಪದವೂ ಒಬ್ಬ ಡೇನಿಷ್ ಎಂಜಿನಿಯರನ ಕುಲನಾಮ, ಅಂದರೆ ಮೂಲದಲ್ಲಿ ಲಾರೆನ್ಸೇ. ಫಿನ್ಲೆಂಡಿನಲ್ಲಿ ಲೌರಿ, ಲಾಸ್ಸಿ. ಐಸ್‌ಲ್ಯಾಂಡಿನಲ್ಲಿ ಲೌರುಸ್. ಹಂಗೇರಿಯಲ್ಲಿ ಲೋರಿಂಟ್ಸ್. ಇಂಗ್ಲಿಷರು ಲ್ಯಾರಿ, ಲಾರಿ ಎಂದು ತುಂಡರಿಸಿದರು.

ಪೋಲೆಂಡಿನ ಸಹೋದ್ಯೋಗಿ ತನ್ನ ಹೆಸರು ವಾವ್‌ಝಿನ್ಯೆತ್ಸ್, ಅದು ಲಾರೆನ್ಸ್ ಅಂತಾನೆ. ತಮಾಷೆ ಮಾಡ್ತಿದ್ದಾನಾ?

ಇಲ್ಲ. ‘ಲೌ’ ಪೂರ್ವದಲ್ಲಿ ‘ಲಾವ್’ ಆಯಿತು, ರಷ್ಯನ್‌ನ ಲಾವ್ರೆಂತಿಯಲ್ಲಿ ಇರುವಂತೆ. ಪೋಲಿಷ್, ಚೆಕ್, ಸ್ಲೊವಾಕ್ ಭಾಷೆಗಳಲ್ಲಿ ಪಕ್ಕದ ‘ವ’ಕಾರದ ಸೆಳೆತಕ್ಕೆ ಮೊದಲ ‘ಲ’ವೂ ‘ವ’ ಆಗಿಬಿಟ್ಟಿತು. ಚೆಕ್ಕರ ವಾವ್ರ್‌ಝಿನೆತ್ಸ್ ಕೂಡ ಹೀಗೆ ಹುಟ್ಟಿದ್ದೇ. ಕ್ರೊಯೇಷಿಯಾದಲ್ಲಿ ‘ಲ’ ಉಳಿದುಕೊಂಡು ಲೊವ್ರೊ ಆಯಿತು. ದುಬ್ರೊವ್ನಿಕ್ ನಗರದ ಬಂಡೆಯ ಮೇಲಿರುವ ಲೊವ್ರಿಯೆನಾತ್ಸ್ ಕೋಟೆ ಇದೇ ಸಂತರ ಹೆಸರಿನದು.

ಫ್ರಾನ್ಸಿನಿಂದ ಮೇಲ್ ಬಂದಿದೆ, ಕೊನೆಗೆ ಲಾರೆನ್ಸ್ ಅಂತ ಸಹಿ. ಸರ್ ಅನ್ಲಾ, ಮೇಡಂ ಅನ್ಲಾ?

ಹೆಚ್ಚುಕಡಿಮೆ ಖಚಿತವಾಗಿ ಮೇಡಂ. ಫ್ರೆಂಚರಲ್ಲಿ ಗಂಡಸಿನ ಹೆಸರು ‘ಟಿ’ಯಲ್ಲಿ ಮುಗಿಯುತ್ತದೆ, ಆದರೆ ಆ ‘ಟಿ’ಯನ್ನು ಉಚ್ಚರಿಸುವುದಿಲ್ಲ: ಲೊರಾಂ. ‘ಯು’ ಅಕ್ಷರ ಬಳಸಿ ಇಂಗ್ಲಿಷ್ ಲಾರೆನ್ಸ್‌ನಂತೆಯೇ ಬರೆದು ‘ಲೊರಾಂಸ್’ ಎಂದು ಓದುವುದು ಹೆಂಗಸಿನ ಹೆಸರು. ಅದೇ ಕಾಗುಣಿತ ಇಂಗ್ಲೆಂಡಿನವರದ್ದಾದರೆ ಗಂಡಸು. ಹೀಗಾಗಿ ಕಾಗುಣಿತ ನೋಡಿದರೆ ಸಾಲದು, ದೇಶವನ್ನೂ ನೋಡಬೇಕು. ಅನುಮಾನವಿದ್ದರೆ ಸರ್, ಮೇಡಂ ಎರಡನ್ನೂ ಬಿಟ್ಟು ಪೂರ್ತಿ ಹೆಸರು ಹಾಕಿ ಉತ್ತರಿಸಿ.

ಲಾರಾ, ಲೊರೇನ್, ಲೊರೆಟ್ಟಾ ಇದರ ಹೆಣ್ಣು ರೂಪಗಳಾ?

ನೇರವಾದ ಹೆಣ್ಣು ರೂಪ ಲೌರೆಂಟಿಯಾ, ಈಗ ವಿರಳ. ಲಾರಾ ಬಂದದ್ದು ಊರಿನಿಂದಲ್ಲ, ಗಿಡದ ಹೆಸರಿನಿಂದಲೇ. ಹಾಗಾಗಿ ದೊಡ್ಡಪ್ಪನ ಮಗಳ ಸಂಬಂಧ. ಲೊರೆಟ್ಟಾ ಲಾರಾದ ಮುದ್ದು ರೂಪ, ಅದರಲ್ಲಿ ಇಟಲಿಯ ಮರಿಯಮ್ಮನ ಕ್ಷೇತ್ರ ಲೊರೇತೊದ ನೆನಪೂ ಬೆರೆತಿದೆ. ಬಂಟ್ವಾಳದ ಲೊರೆಟ್ಟೊಗೆ ಹೆಸರು ಕೊಟ್ಟದ್ದು ಆ ಕ್ಷೇತ್ರ. ಲೊರೇನ್ ಮಾತ್ರ ಪೂರಾ ಬೇರೆ: ಅದು ರಾಜ ಲೋಥಾರ್‌ನ ನಾಡಿನ ಹೆಸರು, ಲಾರೆಲ್‌ಗೂ ಅದಕ್ಕೂ ನಂಟಿಲ್ಲ.

ಮಗನ ಹೆಸರು ಇಂಗ್ಲಿಷಿನಲ್ಲಿ ‘ಯು’ ಹಾಕಿ ಬರೆಯೋದಾ, ‘ಡಬ್ಲ್ಯು’ ಹಾಕಿ ಬರೆಯೋದಾ?

ಎರಡೂ ಶುದ್ಧ. ‘ಯು’ ಲ್ಯಾಟಿನ್‌ಗೆ ಹತ್ತಿರ, ‘ಡಬ್ಲ್ಯು’ ಇಂಗ್ಲಿಷಿನಲ್ಲಿ ಹೆಚ್ಚು ರೂಢಿ. ಮುಖ್ಯವಾದದ್ದು ಒಂದನ್ನು ಹಿಡಿದು ಬಿಡದಿರುವುದು. ತೊಂದರೆ ಶುರುವಾಗುವುದು ಜ್ಞಾನಸ್ನಾನದ ಪತ್ರದಲ್ಲಿ ಒಂದು, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಆದಾಗ. ಅದು ಬೆಳಕಿಗೆ ಬರುವುದು ಪಾಸ್‌ಪೋರ್ಟ್ ಅರ್ಜಿಯ ದಿನ. ಮಗುವಿನ ಹೆಸರಿಲ್ಲದೆ ಜನನ ನೋಂದಣಿ ಆಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಹೆಸರು ಸೇರಿಸಲು ನಿಯಮದಲ್ಲಿ ಅವಕಾಶವಿದೆ. ಆಗ ಜ್ಞಾನಸ್ನಾನದ ಪತ್ರವನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಸಿ. ದೊಡ್ಡವರಾದ ಮೇಲೆ ಹೆಸರನ್ನೇ ಬದಲಿಸುವುದಾದರೆ ಅಫಿಡವಿಟ್, ಎರಡು ಪತ್ರಿಕೆಗಳಲ್ಲಿ ಜಾಹೀರಾತು, ಗೆಜೆಟ್ ಪ್ರಕಟಣೆ ಎಂಬ ಉದ್ದದ ದಾರಿ ಹಿಡಿಯಬೇಕು.

ಕನ್ನಡದಲ್ಲಿ ‘ಲಾರೆನ್ಸ್’ ಸಾಕು. ‘ಲಾವ್ರೆನ್ಸ್’ ಎಂಬುದು ‘ಡಬ್ಲ್ಯು’ ನೋಡಿ ಮಾಡಿದ ತಪ್ಪು. ಕಂಪ್ಯೂಟರ್ ತಾನೇ ಲಿಪಿ ಬದಲಿಸಿದ ಕಾರ್ಡುಗಳಲ್ಲಿ ಕೊನೆಯ ಅರ್ಧಾಕ್ಷರ ತುಂಬಿ ‘ಲಾರೆನ್ಸ’ ಆಗುವುದುಂಟು, ಮುದ್ರಣಕ್ಕೆ ಮೊದಲೇ ನೋಡಿಕೊಳ್ಳಿ.

## ವ್ಯಕ್ತಿಯಿಂದಾಚೆಗೆ ಹೋದ ಹೆಸರು

ಕೆನಡಾದ ಸೇಂಟ್ ಲಾರೆನ್ಸ್ ನದಿಗೂ ಈ ಸಂತರಿಗೂ ಏನು ಸಂಬಂಧ? ಅಲ್ಲಿಗೆ ಹೋಗಿದ್ರಾ?

ಸಂಬಂಧ ತಾರೀಖಿನದು. ಹಡಗಿನವರು ಹೊಸ ಜಾಗ ಕಂಡ ದಿನ ಯಾವ ಸಂತರದೋ ಆ ಹೆಸರನ್ನೇ ನಕ್ಷೆಗೆ ಹಾಕುತ್ತಿದ್ದರು. ಫ್ರೆಂಚ್ ನಾವಿಕ ಝಾಕ್ ಕಾರ್ತಿಯೇ 1535ರ ಆಗಸ್ಟ್ 10ರಂದು ಒಂದು ಸಣ್ಣ ಕೊಲ್ಲಿಗೆ ‘ಸಾಂ ಲೊರಾಂ’ ಎಂದು ಹೆಸರಿಟ್ಟ. ಕ್ರಮೇಣ ಅದು ದೊಡ್ಡ ಖಾರಿಗೂ ನದಿಗೂ ಹಬ್ಬಿತು. ಮೂವತ್ತೈದು ವರ್ಷ ಮೊದಲು, 1500ರ ಅದೇ ದಿನ, ಭಾರತಕ್ಕೆ ಹೊರಟಿದ್ದ ಪೋರ್ಚುಗೀಸ್ ನಾವಿಕ ಕಬ್ರಾಲ್‌ನ ಹಡಗುಪಡೆಯಿಂದ ಬೇರ್ಪಟ್ಟ ದಿಯೊಗೊ ದಿಯಾಸ್ ಕಣ್ಣಿಗೆ ಬಿದ್ದ ಮಡಗಾಸ್ಕರ್ ಕೂಡ ಪೋರ್ಚುಗೀಸರ ನಕ್ಷೆಗಳಲ್ಲಿ ‘ಸಾಂವ್ ಲೊರೇನ್ಸು ದ್ವೀಪ’ವಾಗಿತ್ತು. ಸ್ಪೇನಿನ ರಾಜ ಎರಡನೇ ಫಿಲಿಪ್‌ನ ಸೇನೆ 1557ರ ಆಗಸ್ಟ್ 10ರಂದು ಸಾಂ ಕಾಂತಾಂ ಯುದ್ಧ ಗೆದ್ದಿತು. ಅವನು 1563ರಿಂದ 1584ರವರೆಗೆ ಕಟ್ಟಿಸಿದ ಎಲ್ ಎಸ್ಕೊರಿಯಲ್ ಅರಮನೆ-ಮಠ ಸಂತ ಲಾರೆನ್ಸರಿಗೆ ಮೀಸಲು. ಅದರ ಚೌಕ ಚೌಕವಾದ ಅಂಗಳಗಳು ಕಬ್ಬಿಣದ ಸರಳುಗಳ ಆಕಾರವೆಂದು ಹೇಳುವ ವಾಡಿಕೆಯಿದೆ.

ಮೊಜಾಂಬಿಕ್‌ನ ರಾಜಧಾನಿಗೆ 1976ರವರೆಗೆ ಇದ್ದ ಲೊರೇನ್ಸು ಮಾರ್ಕಿಸ್ ಎಂಬ ಹೆಸರನ್ನು ಈ ಗುಂಪಿಗೆ ಸೇರಿಸಬೇಡಿ. ಅದು ಹಬ್ಬದ ದಿನದ್ದಲ್ಲ, ಅಲ್ಲಿಗೆ ಹೋಗಿದ್ದ ವ್ಯಾಪಾರಿಯೊಬ್ಬನ ಹೆಸರು. ಈಗ ಆ ಊರು ಮಪುಟೊ.

ಊಟಿ ಹತ್ತಿರದ ಲಾರೆನ್ಸ್ ಶಾಲೆ ಈ ಸಂತರ ಹೆಸರಿನದಾ?

ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಹೆನ್ರಿ ಲಾರೆನ್ಸ್‌ನ ಕುಲನಾಮ ಅದು. ಹಿಮಾಚಲದ ಸನಾವರ್‌ನಲ್ಲಿ 1847ರಲ್ಲಿ, ಊಟಿ ಬಳಿಯ ಲವ್‌ಡೇಲ್‌ನಲ್ಲಿ 1858ರಲ್ಲಿ ಶಾಲೆಗಳು ಶುರುವಾದವು. ಹೆನ್ರಿ 1857ರಲ್ಲಿ ಲಖನೌದಲ್ಲಿ ಸತ್ತಿದ್ದ. ತಮ್ಮ ಜಾನ್ 1864ರಿಂದ 1869ರವರೆಗೆ ವೈಸ್‌ರಾಯ್. ‘ಸೇಂಟ್’ ಎಂದು ಮುಂದೆ ಇದ್ದರೆ ಸಂತ, ಇಲ್ಲದಿದ್ದರೆ ಕುಲನಾಮ ಇರಬಹುದೇ ಎಂದು ಮೊದಲು ನೋಡಿ.

ಆಗಸ್ಟ್‌ನ ಉಲ್ಕೆಗಳನ್ನು ‘ಸಂತ ಲಾರೆನ್ಸರ ಕಣ್ಣೀರು’ ಅನ್ನೋದು ಯಾಕೆ?

ಹಬ್ಬದ ಆಸುಪಾಸಿನಲ್ಲೇ ಬೀಳುವುದರಿಂದ. ಖಗೋಳದವರ ಬಾಯಲ್ಲಿ ಇವು ಪರ್ಸಿಯಿಡ್ ಉಲ್ಕೆಗಳು. ಸ್ವಿಫ್ಟ್-ಟಟಲ್ ಧೂಮಕೇತು ಸುಮಾರು 133 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುವಾಗ ಬಿಟ್ಟುಹೋದ ದೂಳಿನೊಳಗೆ ಭೂಮಿ ಹಾಯುತ್ತದೆ. ಈಗ ಹೆಚ್ಚು ಬೀಳುವುದು 12, 13ರ ರಾತ್ರಿ. ನಡುರಾತ್ರಿ ಕಳೆದ ಮೇಲೆ ಈಶಾನ್ಯದ ಕಡೆ ಮುಖಮಾಡಿ ಮಲಗಿ, ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷವಾದರೂ ಬಿಡಿ, ಮೊಬೈಲ್ ಮುಟ್ಟಬೇಡಿ. ಮಲೆನಾಡು, ಕರಾವಳಿಯವರಿಗೆ ಮೋಡದ್ದೇ ಕಾಟ. ಮಳೆಯ ನೆರಳಿನ ಬಯಲುಸೀಮೆಯಲ್ಲಿ ಒಂದಿಷ್ಟು ಆಸೆ ಇಟ್ಟುಕೊಳ್ಳಬಹುದು.

ಭೂಗೋಳದ ಪಾಠದ ‘ಲಾರೇಷಿಯಾ’ದಲ್ಲೂ ಇದೇ ಹೆಸರಿದೆಯಾ?

ಇದೆ. ಲಾರೇಷಿಯಾ ಎಂದರೆ ಕೋಟ್ಯಂತರ ವರ್ಷಗಳ ಹಿಂದೆ ಉತ್ತರದಲ್ಲಿದ್ದ ಮಹಾಖಂಡ. ಸೇಂಟ್ ಲಾರೆನ್ಸ್ ನದಿಯಿಂದ ಲಾರೆನ್ಷಿಯನ್ ಬೆಟ್ಟಗಳು, ಅಲ್ಲಿನ ಬಲು ಹಳೆಯ ಬಂಡೆಗಳಿಂದ ಉತ್ತರ ಅಮೆರಿಕದ ಪ್ರಾಚೀನ ತಿರುಳಿಗೆ ‘ಲಾರೆನ್ಷಿಯಾ’ ಎಂಬ ಹೆಸರು, ಅದಕ್ಕೆ ಯುರೇಷಿಯಾ ಸೇರಿಸಿ ಲಾರೇಷಿಯಾ. ದಕ್ಷಿಣದ ಜೊತೆಗಾರ ಗೊಂಡ್ವಾನಾ ಖಂಡಕ್ಕೆ ಹೆಸರು ಸಿಕ್ಕಿದ್ದು ನಮ್ಮ ಗೊಂಡರ ನಾಡಿನಿಂದ. ಕರ್ನಾಟಕದ ಬಂಡೆಗಳೂ ಆಗ ಅದರ ಭಾಗವಾಗಿದ್ದವು.

## ತೊಡಕಿನ ಪ್ರಶ್ನೆಗಳು

ಫಿಸಿಕ್ಸ್‌ನಲ್ಲಿ ಲೊರೆಂಟ್ಸ್ ಹೆಸರನ್ನು ‘ಟಿ’ ಹಾಕಿ ಬರೀಬೇಕಾ ಬೇಡ್ವಾ? ಮಾರ್ಕ್ಸ್ ಹೋಗುತ್ತೆ

ಇಬ್ಬರು ಬೇರೆ ಬೇರೆ. ‘ಟಿ’ ಇರುವವನು ಡಚ್ ವಿಜ್ಞಾನಿ ಹೆಂಡ್ರಿಕ್ ಲೊರೆಂಟ್ಸ್ (1853–1928), ಝೇಮಾನ್ ಜೊತೆ 1902ರ ನೊಬೆಲ್ ಪಡೆದವನು. ವಿದ್ಯುದಾವೇಶದ ಮೇಲಿನ ಲೊರೆಂಟ್ಸ್ ಬಲ, ಸಾಪೇಕ್ಷತೆಯ ಲೊರೆಂಟ್ಸ್ ರೂಪಾಂತರ ಅವನವು. ‘ಟಿ’ ಇಲ್ಲದವನು ಡೆನ್ಮಾರ್ಕಿನ ಲುಡ್ವಿಗ್ ಲೊರೆಂಟ್ಸ್ (1829–1891). ವಿದ್ಯುತ್ಕಾಂತ ಸಿದ್ಧಾಂತದ ಗೇಜ್ ನಿಬಂಧನೆ ಇವನದು, ಆದರೆ ಎಷ್ಟೋ ಪಠ್ಯಗಳು ‘ಟಿ’ ಸೇರಿಸಿ ಡಚ್ಚನಿಗೆ ಕೊಟ್ಟುಬಿಟ್ಟಿವೆ. ಲೋಹಗಳ ಉಷ್ಣ ಮತ್ತು ವಿದ್ಯುತ್ ವಾಹಕತೆಗೆ ಸಂಬಂಧಿಸಿದ ಲೊರೆಂಟ್ಸ್ ಸಂಖ್ಯೆ, ಸುಮಾರು 2.44 × 10⁻⁸ ವ್ಯಾಟ್-ಓಮ್ ಪ್ರತಿ ಕೆಲ್ವಿನ್ ವರ್ಗ, ಅದೂ ಇವನದೇ. ವಕ್ರೀಭವನ ಸೂಚ್ಯಂಕದ ಒಂದು ಸಮೀಕರಣಕ್ಕೆ ಇಬ್ಬರ ಹೆಸರೂ ಜೋಡಿಯಾಗಿದೆ, ಅಲ್ಲಿ ಒಂದಕ್ಕೆ ‘ಟಿ’ ಇದೆ, ಇನ್ನೊಂದಕ್ಕಿಲ್ಲ. ಪರೀಕ್ಷೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಉರುಳು ಬೇಡ.

‘ಟಿ’ ಇಲ್ಲದವರು ಇನ್ನೂ ಇದ್ದಾರೆ. ಹವಾಮಾನದ ಗಣಿತದಲ್ಲಿ ಅವ್ಯವಸ್ಥೆಯ ಸಿದ್ಧಾಂತಕ್ಕೆ 1963ರಲ್ಲಿ ದಾರಿ ತೋರಿದ ಎಡ್ವರ್ಡ್, ಆದಾಯದ ಅಸಮಾನತೆ ತೋರಿಸುವ ವಕ್ರರೇಖೆಯನ್ನು 1905ರಲ್ಲಿ ಕೊಟ್ಟ ಮ್ಯಾಕ್ಸ್, ಪ್ರಾಣಿಗಳ ನಡವಳಿಕೆಗಾಗಿ 1973ರ ನೊಬೆಲ್ ಹಂಚಿಕೊಂಡ ಕೊನ್ರಾಡ್. ಧಾತು 103 ಲಾರೆನ್ಸಿಯಂ ಮಾತ್ರ ಇಂಗ್ಲಿಷ್ ಕಾಗುಣಿತದ್ದು: ಪರಮಾಣು ಕಣಗಳ ವೇಗ ಹೆಚ್ಚಿಸುವ ಸೈಕ್ಲೊಟ್ರಾನ್ ಯಂತ್ರ ಕಟ್ಟಿದ ಅರ್ನೆಸ್ಟ್ ಲಾರೆನ್ಸ್‌ನ ಹೆಸರು, 1961ರಲ್ಲಿ ಬರ್ಕ್‌ಲಿಯಲ್ಲಿ ಇಟ್ಟದ್ದು. ಅದರ ಚಿಹ್ನೆ ಮೊದಲು ಎಲ್-ಡಬ್ಲ್ಯು, ನಂತರ ಎಲ್-ಆರ್.

ಹಳೇ ಇಗರ್ಜಿ ರಿಜಿಸ್ಟರಿನಲ್ಲಿ ಅಜ್ಜನ ಹೆಸರು ಒಂದೊಂದು ಕಡೆ ಒಂದೊಂದು ಥರ ಇದೆ. ಒಬ್ಬರೇನಾ, ಬೇರೆಯವರಾ?

ಲ್ಯಾಟಿನ್‌ನಲ್ಲಿ ಬರೆದ ರಿಜಿಸ್ಟರಾದರೆ ಒಬ್ಬರೇ ಇರಬಹುದು. ಕನ್ನಡದಲ್ಲಿ ಲಾರೆನ್ಸನು, ಲಾರೆನ್ಸನನ್ನು, ಲಾರೆನ್ಸನ ಆಗುವಂತೆ ಅಲ್ಲಿ ಹೆಸರಿನ ಕೊನೆಯೇ ಬದಲಾಗುತ್ತದೆ. ಜ್ಞಾನಸ್ನಾನದ ಸಾಲು ಸಾಮಾನ್ಯವಾಗಿ ‘ನಾನು ಇಂಥವನಿಗೆ, ಇಂಥವರ ಮಗನಿಗೆ, ಜ್ಞಾನಸ್ನಾನ ಕೊಟ್ಟೆ’ ಎಂಬ ಧಾಟಿಯಲ್ಲಿರುತ್ತದೆ. ಅಲ್ಲಿ ಮಗುವಿನ ಹೆಸರು ‘ಲೌರೆಂಟಿಯುಮ್’, ಲ್ಯಾಟಿನ್‌ನಲ್ಲಿ ಅದು ‘ಲಾರೆನ್ಸನನ್ನು’ ಎಂಬ ರೂಪ. ಅದೇ ಸಾಲಿನಲ್ಲಿ ‘ಲೌರೆಂಟಿಇ’ ಎಂದಿದ್ದರೆ ಅದು ತಂದೆ: ‘ಲಾರೆನ್ಸನ ಮಗ’. ‘ಪತ್ರೀನುಸ್ ಫುಯಿತ್ ಲೌರೆಂಟಿಯುಸ್’ ಎಂದರೆ ಲಾರೆನ್ಸ್ ಧರ್ಮಪಿತನಾಗಿದ್ದ ಎಂದು. ಕೊನೆಗೆ ‘ಓ’ ಬಂದರೆ ‘ಲಾರೆನ್ಸನಿಗೆ’ ಅಥವಾ ‘ಲಾರೆನ್ಸನಿಂದ’. ಯಾವುದೆಂದು ಅಕ್ಕಪಕ್ಕದ ಪದ ನೋಡಿ ತೀರ್ಮಾನಿಸಬೇಕು. ಹೆಣ್ಣುಮಗುವಾದರೆ ‘ಲೌರೆಂಟಿಯಾಮ್’.

ಎರಡು ಕಡೆ ಜನ ಎಡವುತ್ತಾರೆ. ‘ಲೌರೆಂಟಿಇ’ಯನ್ನು ಕುಲನಾಮ ಎಂದುಕೊಂಡು ವಂಶವೃಕ್ಷದಲ್ಲಿ ಹೊಸ ಮನೆತನವನ್ನೇ ಹುಟ್ಟಿಸುವುದು ಒಂದು. ಪಾದ್ರಿ ಲ್ಯಾಟಿನ್‌ಗೆ ತಿರುಗಿಸಿ ಬರೆದದ್ದನ್ನೇ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಎಂದು ನಂಬುವುದು ಇನ್ನೊಂದು. ನಕಲು ಮಾಡಿಕೊಳ್ಳುವಾಗ ಹೆಸರನ್ನಷ್ಟೇ ಎತ್ತಿಕೊಳ್ಳದೆ ಇಡೀ ಸಾಲನ್ನು ಇದ್ದಂತೆಯೇ ಬರೆದುಕೊಳ್ಳಿ, ತಂದೆ, ತಾಯಿ, ಧರ್ಮಪಿತ, ತಾರೀಖು ಎಲ್ಲವನ್ನೂ. ಹೆಸರು ಒಂದೇ ಇದ್ದರೂ ತಾಯಿ ಬೇರೆಯಾದರೆ ಆ ಲಾರೆನ್ಸ್ ನಿಮ್ಮ ಅಜ್ಜನಲ್ಲ.

ಲಾರೆನ್ಸ್ ಥರ ಕಾಣುತ್ತೆ ಆದರೆ ಅಲ್ಲ ಅನ್ನುವ ಹೆಸರುಗಳಿವೆಯಾ?

ಮೂರು ಮುಖ್ಯ. ರೋಮಿನ ಮೇಲೆ ದಂಡೆತ್ತಿ ಬಂದನೆಂಬ ಲಾರ್ಸ್ ಪೊರ್ಸೆನಾ ಎಟ್ರಸ್ಕನ್ ರಾಜ. ಅವನ ‘ಲಾರ್ಸ್’ ಎಟ್ರಸ್ಕನ್ ಪದ, ಸ್ವೀಡನ್ನಿನ ಲಾರ್ಸ್‌ಗೆ ಏನೂ ಆಗಬೇಕಿಲ್ಲ. ಇಟಲಿಯ ‘ರೆಂತ್ಸೊ’ ಲೊರೆಂತ್ಸೊದ ತುಂಡೇ, ಆದರೆ ‘ಎಂತ್ಸೊ’ ಹಾಗೆನ್ನಲಾಗದು. ಅದು ಲೊರೆಂತ್ಸೊದ್ದಾಗಿರಬಹುದು, ವಿಂಚೆಂತ್ಸೊದ್ದಾಗಿರಬಹುದು, ಜರ್ಮನ್ ಹೈಂಟ್ಸ್‌ನಿಂದಲೂ ಬಂದಿರಬಹುದು. ಇನ್ನು ಡಬ್ಲಿನ್ನಿನ ಪಾಲಕ ಸಂತ ಲಾರೆನ್ಸ್ ಓ’ಟೂಲ್. 1180ರಲ್ಲಿ ತೀರಿಕೊಂಡ ಈ ಆರ್ಚ್‌ಬಿಷಪ್‌ನ ಹುಟ್ಟುಹೆಸರು ಲೋರ್ಕಾನ್, ಅಪ್ಪಟ ಐರಿಷ್ ಪದ. ಬರೆಯುವವರು ದನಿ ಹೋಲುತ್ತದೆಂದು ಲ್ಯಾಟಿನ್‌ನಲ್ಲಿ ಲೌರೆಂಟಿಯುಸ್ ಮಾಡಿದರು. ಐರಿಷ್‌ನಲ್ಲಿ ನಿಜವಾದ ಲಾರೆನ್ಸ್ ‘ಲೌರಾಸ್’. ಐರ್ಲೆಂಡಿನವರು ಮಗನಿಗೆ ಲೋರ್ಕಾನ್ ಎಂದಿಟ್ಟರೆ ಅಲ್ಲಿ ಲಾರೆಲ್ ಹುಡುಕಬೇಡಿ.